ಮಂಗಳೂರಿನಿಂದ ಉಡುಪಿಗೆ ಸುತ್ತುದಾರಿ: ಹಳೇ ಕಾರುಗಳಲ್ಲಿ ನಾಲ್ಕು ಘಾಟಿ

ಮಂಗಳೂರಿನಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಹೋದರೆ ಹೆಚ್ಚೆಂದರೆ 60 ಕಿ.ಮೀ. ಫೆಬ್ರವರಿಯಲ್ಲಿ ನಡೆದ ಈ ಹಳೇ ಕಾರುಗಳ ಓಟಕ್ಕೂ ಹೊರಡುವ ಊರು ಮಂಗಳೂರೇ, ಮುಟ್ಟುವ ಊರು ಉಡುಪಿಯೇ. ನಡುವಿನ ದಾರಿ ಮಾತ್ರ ಸುಮಾರು 650 ಕಿ.ಮೀ. ಮಾಳದಲ್ಲಿ ಘಟ್ಟ ಹತ್ತಿ ಕಳಸ, ಶೃಂಗೇರಿ. ಅಲ್ಲಿಂದ ತೀರ್ಥಹಳ್ಳಿ, ಸಾಗರ. ಗೇರುಸೊಪ್ಪೆಯಲ್ಲಿ ಇಳಿದು ಕುಂದಾಪುರ. ಮತ್ತೆ ಬಾಳೆಬರೆಯಲ್ಲಿ ಹತ್ತಿ, ಆಗುಂಬೆಯಲ್ಲಿ ಇಳಿದು ಉಡುಪಿ.

ಇಲ್ಲಿ ವೇಗವಾಗಿ ಓಡಿಸಿದವರಿಗೆ ಬಹುಮಾನ ಇಲ್ಲ. ಪ್ರತಿ ಹಂತಕ್ಕೂ ಒಂದು ಸರಾಸರಿ ವೇಗ ಕೊಟ್ಟಿರುತ್ತಾರೆ: ಘಾಟಿಯಲ್ಲಿ ಗಂಟೆಗೆ 24 ಕಿ.ಮೀ., ಸಪಾಟು ರಸ್ತೆಯಲ್ಲಿ 36ರಿಂದ 40. ದಾರಿಯಲ್ಲಿ ಎಲ್ಲೋ ಮರದ ಮರೆಯಲ್ಲಿ ಗಡಿಯಾರ ಹಿಡಿದವರು ಕೂತಿರುತ್ತಾರೆ. ಒಂದು ಸೆಕೆಂಡ್ ತಡವಾದರೆ ಒಂದು ಅಂಕ ದಂಡ, ಒಂದು ಸೆಕೆಂಡ್ ಮೊದಲೇ ಬಂದರೆ ಎರಡು. ಪಕ್ಕದಲ್ಲಿ ಕೂತು ದಾರಿ ಹೇಳುವವರಿಗೆ ಲೆಕ್ಕ ಬಾಯಲ್ಲೇ ಇರಬೇಕು: 24ರ ವೇಗವೆಂದರೆ ಕಿ.ಮೀ.ಗೆ ಎರಡೂವರೆ ನಿಮಿಷ, 30 ಎಂದರೆ ಎರಡು ನಿಮಿಷ, 36 ಎಂದರೆ 100 ಸೆಕೆಂಡ್, 40 ಎಂದರೆ ಒಂದೂವರೆ ನಿಮಿಷ.

ಕಾಗದಪತ್ರದ ವಿಷಯ ಎರಡೇ ಮಾತು. ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ ಚಾಲ್ತಿಯಲ್ಲಿ ಇರಬೇಕು. 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರಿಂದ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅದನ್ನು ಮಾಡಿಸಿದರೆ ಪ್ರದರ್ಶನ, ರ‍್ಯಾಲಿಗಳಿಗೆ ಬಿಟ್ಟು ದಿನನಿತ್ಯದ ಓಡಾಟಕ್ಕೆ ಗಾಡಿ ತೆಗೆಯುವಂತಿಲ್ಲ. ಪೇಟೆಗೆ ತರಕಾರಿಗೂ ಅದೇ ಕಾರಿನಲ್ಲಿ ಹೋಗುವವರು ಯೋಚಿಸಿ ಕೈಹಾಕಬೇಕು.

ಮೊದಲ ದಿನ: ಮಂಗಳೂರು, ಕಾರ್ಕಳ, ಕುದುರೆಮುಖ, ಶೃಂಗೇರಿ

ಬೆಳಿಗ್ಗೆ ಆರಕ್ಕೆ ಸಾಲು ನಿಂತವು: ಅಂಬಾಸಿಡರ್ ಮಾರ್ಕ್ 2, ಪದ್ಮಿನಿಗಳು, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಒಂದು ಮೋರಿಸ್ ಮೈನರ್, ಬೀಟಲ್, ಹಳೇ ಮಹೀಂದ್ರ ಜೀಪು. ವಾಕಿಂಗಿಗೆ ಬಂದವರದ್ದು ಎಲ್ಲ ಕಾರಿಗೂ ಒಂದೇ ಪ್ರಶ್ನೆ, “ಏತ್ ಮೈಲೇಜ್ ಕೊರ್ಪುಂಡು?” ಅಂಬಾಸಿಡರಿನವರು ನಕ್ಕು ಸುಮ್ಮನಾದರು.

ಗುರುಪುರ ದಾಟಿದ ಮೇಲಿನ 10 ಕಿ.ಮೀ., ಕಾರಿನ ದೂರ ತೋರಿಸುವ ಮೀಟರ್ ಸರಿಹೊಂದಿಸಲಿಕ್ಕೆ ಬಿಟ್ಟ ಜಾಗ. ಹಳೇ ಕಾರಿಗೆ ರೇಡಿಯಲ್ ಟೈರ್ ಹಾಕಿದ್ದರೆ ಚಕ್ರದ ಸುತ್ತಳತೆ ಬದಲಾಗಿ ಮೀಟರ್ ಸುಳ್ಳು ಹೇಳುತ್ತದೆ. ಒಂದು ಪದ್ಮಿನಿ 10 ಕಿ.ಮೀ.ಗೆ 10.3 ತೋರಿಸಿತು. ಅಂದರೆ ದಾರಿಪುಸ್ತಕದ (ಎಷ್ಟು ಕಿ.ಮೀ.ಗೆ ಎಲ್ಲಿ ತಿರುಗಬೇಕೆಂದು ಬರೆದ ಪುಸ್ತಕ) ಪ್ರತಿ ದೂರದ ಅಂಕಿಯನ್ನೂ 1.03ರಿಂದ ಗುಣಿಸಿ ಮೀಟರಿಗೆ ಹೋಲಿಸಬೇಕು. ಗುಣಿಸದೆ ಹೋದರೆ 24ರ ವೇಗದಲ್ಲಿ 10 ಕಿ.ಮೀ.ಗೆ 45 ಸೆಕೆಂಡ್ ತಪ್ಪುತ್ತದೆ. ಈ ಲೆಕ್ಕ ಅಲ್ಲೇ ಕಾಗದದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡರೆ ಘಾಟಿಯಲ್ಲಿ ತಲೆ ಕೆಡುವುದಿಲ್ಲ.

ಕಾರ್ಕಳದಲ್ಲಿ ಬನ್ಸ್, ಗೋಳಿಬಜೆ, ಚಾ. ಬನ್ಸ್ ಬಿಸಿ ಇರುವಾಗಲೇ ತಿನ್ನಬೇಕು. ಕಟ್ಟಿಸಿಕೊಂಡು ಹೋದವರು ಮಧ್ಯಾಹ್ನ ಅದನ್ನು ಜಗಿಯುತ್ತ ಕೂತರು. ಬಜಗೋಳಿ ದಾಟಿ ಮಾಳದ ಚೆಕ್‌ಪೋಸ್ಟಿಗೆ ಬಂದಾಗ ಬಿಸಿಲು ಏರಿತ್ತು. ಇಲ್ಲಿಂದ ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಗೇಟಿನಲ್ಲಿ ನಂಬರ್, ಸಮಯ ಬರೆದುಕೊಳ್ಳುತ್ತಾರೆ; ನಡುವೆ ಗಾಡಿ ನಿಲ್ಲಿಸುವಂತಿಲ್ಲ. ನಿಲ್ಲಿಸಬಾರದ ಇಂಥ ಜಾಗದಲ್ಲೇ ಹಳೇ ಕಾರು ನಿಲ್ಲುವುದು.

ಎಸ್.ಕೆ. ಬಾರ್ಡರಿಗೆ (ಹಳೇ ಸೌತ್ ಕೆನರಾ ಜಿಲ್ಲೆಯ ಗಡಿ) ಇನ್ನೂ ಎರಡು ತಿರುವು ಇರುವಾಗ ಒಂದು ಪದ್ಮಿನಿ ಮುಕ್ಕರಿಸಿತು. ಆಕ್ಸಿಲರೇಟರ್ ಒತ್ತಿದರೆ ಎಳೆಯುವುದಿಲ್ಲ, ನಾಲ್ಕು ಸಲ ಜಗ್ಗಿ ಬಂದ್. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇತ್ತು. ಕಾರಣ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನಲ್ಲಿ. ಈ ಕಾರುಗಳ ಪೆಟ್ರೋಲ್ ಪಂಪ್ ಎಂಜಿನಿನ ಮೈಗೇ ಬೋಲ್ಟ್ ಆಗಿರುತ್ತದೆ. ಎರಡನೇ ಗೇರಿನಲ್ಲಿ ಅರ್ಧ ಗಂಟೆ ಹತ್ತಿದರೆ ಆ ಬಿಸಿ ಪಂಪಿಗೆ ಇಳಿದು, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಪಂಪಿನೊಳಗಿನ ಪೊರೆ (ಡಯಾಫ್ರಾಮ್) ಆ ಆವಿಯನ್ನೇ ಹಿಂಡುತ್ತ ಕೂರುತ್ತದೆ, ಹೊಸ ಪೆಟ್ರೋಲ್ ಎಳೆಯುವುದಿಲ್ಲ. ಈಗಿನ ಇ20 ಪೆಟ್ರೋಲ್ (ನೂರಕ್ಕೆ 20 ಪಾಲು ಎಥನಾಲ್) ಬಂದ ಮೇಲೆ ಇದು ಜಾಸ್ತಿ. ಎಥನಾಲ್ ಬೆರೆತ ಪೆಟ್ರೋಲ್‌ನಲ್ಲಿ 60–75 ಡಿಗ್ರಿ ಶಾಖಕ್ಕೇ ಆವಿಯಾಗುವ ಪಾಲು ಹೆಚ್ಚು, ಬಾನೆಟಿನ ಒಳಗೆ ಅಷ್ಟು ಬಿಸಿ ಸಾಮಾನ್ಯ.

ಒದ್ದೆ ಬೈರಾಸು ಪಂಪಿಗೆ ಸುತ್ತಿ, ಬಾನೆಟ್ ತೆರೆದಿಟ್ಟರೆ ಹತ್ತು ನಿಮಿಷದಲ್ಲಿ ಗಾಡಿ ಎದ್ದು ನಿಲ್ಲುತ್ತದೆ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ತಿನ್ನುವುದರಲ್ಲಿ ಅರ್ಥವಿಲ್ಲ. ಬೈಕಿನಲ್ಲಿ ಬಂದ ಅರಣ್ಯ ರಕ್ಷಕರು ಮೊದಲು ಗದರಿಸಿದರು, ಆಮೇಲೆ ತಮ್ಮ ಬಾಟಲಿಯ ನೀರನ್ನೇ ಬೈರಾಸಿನ ಮೇಲೆ ಹೊಯ್ದರು. “ಬೇಗ ಹೊರಡಿ ಮಾರಾಯ್ರೆ, ಇದು ಆನೆ ಕಾಟಿ ದಾಟುವ ಜಾಗ.” ಪಕ್ಕಾ ಪರಿಹಾರ ಮನೆಯಲ್ಲೇ ಮಾಡಿಕೊಂಡು ಬರಬೇಕಾದದ್ದು: ಪಂಪು ಮತ್ತು ಎಂಜಿನ್ ನಡುವೆ ಬೇಕೆಲೈಟಿನ (ಬಿಸಿ ದಾಟಿಸದ ಗಟ್ಟಿ ಪ್ಲಾಸ್ಟಿಕ್) ದಪ್ಪ ತುಂಡು ಕೊಡುವುದು. ತುಂಡಿನ ದಪ್ಪದಷ್ಟೇ ಉದ್ದ ಪಂಪಿನ ತಳ್ಳುಕೋಲಿಗೂ ಸೇರಿಸಬೇಕು, ಇಲ್ಲದಿದ್ದರೆ ಪಂಪು ಪೂರ್ತಿ ಹೊಡೆಯುವುದಿಲ್ಲ. ಅಥವಾ ಟ್ಯಾಂಕಿನ ಹತ್ತಿರ 2–3 ಪಿಎಸ್‌ಐ ಒತ್ತಡದ ಎಲೆಕ್ಟ್ರಿಕ್ ಪಂಪ್ ಕೂರಿಸುವುದು. ಇಂಜೆಕ್ಷನ್ ಕಾರಿನ ಪಂಪು ಹಾಕಿದರೆ ಅದರ ಹೆಚ್ಚಿನ ಒತ್ತಡಕ್ಕೆ ಕಾರ್ಬೊರೇಟರಿನ ಸೂಜಿ ಕೂರದೆ ಪೆಟ್ರೋಲ್ ಉಕ್ಕಿ ಬಿಸಿ ಎಂಜಿನಿನ ಮೇಲೆ ಸುರಿಯುತ್ತದೆ.

ಕುದುರೆಮುಖ ಪೇಟೆಯಲ್ಲಿ 2005ರ ಕೊನೆಗೆ ಗಣಿ ನಿಂತ ಮೇಲಿನ ಮೌನ ಹಾಗೇ ಇದೆ, ಸಾಲುಮನೆಗಳ ಅಂಗಳದಲ್ಲಿ ಹುಲ್ಲು. ಕಳಸದಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ. ಅಲ್ಲಿಂದ ಬಾಳೆಹೊನ್ನೂರಿನವರೆಗೆ ರಸ್ತೆ ಕಿರಿದು, ಎರಡೂ ಬದಿ ತೋಟ. ಕಣಗಳಲ್ಲಿ ರೊಬಸ್ಟಾ ಕಾಫಿ ಒಣಗುತ್ತಿತ್ತು. ಈ ಎತ್ತರದಲ್ಲಿ ಪದ್ಮಿನಿ ಸ್ವಲ್ಪ ಸೋಮಾರಿಯಾದಂತೆ ಕಂಡರೆ ಕಾರ್ಬೊರೇಟರ್ ತಿರುಪಲು ಹೋಗಬಾರದು. ಸಾವಿರ ಮೀಟರ್ ಏರಿದರೆ ಗಾಳಿಯೇ ನೂರಕ್ಕೆ ಹತ್ತರಷ್ಟು ತೆಳುವಾಗುತ್ತದೆ, ಶಕ್ತಿಯೂ ಅಷ್ಟೇ ಇಳಿಯುತ್ತದೆ. ಕೆಳಗೆ ಬಂದರೆ ತಾನೇ ಸರಿ.

ಎರಡನೇ ದಿನ: ಶೃಂಗೇರಿ, ತೀರ್ಥಹಳ್ಳಿ, ಸಾಗರ

ಬೆಳಿಗ್ಗೆ ಮಂಜು ಎಷ್ಟು ದಟ್ಟವೆಂದರೆ ಮುಂದಿನ ಕಾರಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಹೈ ಬೀಮ್ ಹಾಕಿದರೆ ಬಿಳಿ ಗೋಡೆ. ಲೋ ಬೀಮಿನಲ್ಲಿ ಕೊಪ್ಪದವರೆಗೆ ತೆವಳಿದರು. ಅಷ್ಟರಲ್ಲಿ ಮೈನರ್‌ನವರಿಗೆ ಬೇರೆ ತಲೆನೋವು: ಫೋನ್ ಚಾರ್ಜರ್ ಹಾಕಿದ ಕೂಡಲೇ ಫ್ಯೂಸ್ ಹೋಯಿತು. ಅಂಥ ಹಳೇ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಕಾರಿನ ಲೋಹದ ಮೈಗೆ ಕಟ್ಟಿರುತ್ತಾರೆ. ಈಗಿನ ಚಾರ್ಜರಿನ ಲೋಹದ ಹೊರಮೈ ಮೈನಸ್. ಅದು ಕಾರಿನ ಮೈಗೆ ತಾಗಿದರೆ ಶಾರ್ಟ್. ಬೇರೆ ಪವರ್ ಬ್ಯಾಂಕ್ ಇಟ್ಟುಕೊಳ್ಳುವುದೇ ಕ್ಷೇಮ.

ತೀರ್ಥಹಳ್ಳಿಯಲ್ಲಿ ತುಂಗೆ ದಾಟಿ ಕೋಣಂದೂರಿನ ಕಡೆ ತಿರುಗಿದ ಮೇಲೆ ದಾರಿ ಚಂದ: ಗದ್ದೆ ಬಯಲು, ಅಡಿಕೆ ತೋಟ, ಅಂಗಳದ ತುಂಬ ಹರಡಿದ ಅಡಿಕೆ. ಹೆರಾಲ್ಡ್ ಇಲ್ಲಿ ಕೈಕೊಟ್ಟಿತು. ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದ ಗಾಡಿ ಬಿಸಿಯಾದ ಮೇಲೆ ಪಟಪಟ ಹೊಡೆದುಕೊಂಡು ನಿಂತಿತು. ಪೆಟ್ರೋಲ್ ಬರುತ್ತಿದೆ, ಪ್ಲಗ್ಗಿನಲ್ಲಿ ಕಿಡಿ ಹಳದಿ, ತೆಳು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ, ಒಳಗೆ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ನೀಲಿಗಟ್ಟಿ ಸುಟ್ಟಿತ್ತು. ಇದು ಕಂಡೆನ್ಸರಿನ (ಪಾಯಿಂಟ್ ಸುಡದಂತೆ ಕಾಯುವ ಪುಟ್ಟ ಡಬ್ಬಿ) ರೋಗ. ತಣ್ಣಗಿರುವಾಗ ಸರಿಯಾಗೇ ಇದ್ದು, ಬಿಸಿಯಾದ ಮೇಲೆ ಸೋರುವುದು ಅದರ ಸ್ವಭಾವ. ಹಾಗಾಗಿ ಗ್ಯಾರೇಜಿನಲ್ಲಿ ಪರೀಕ್ಷಿಸಿದರೆ ಸಿಗುವುದೇ ಇಲ್ಲ. ಈಗ ಅಂಗಡಿಯಲ್ಲಿ ಸಿಗುವ ಕೆಲವು ಹೊಸ ಕಂಡೆನ್ಸರುಗಳಿಗಿಂತ ಹಳೇ ಗಾಡಿಯಿಂದ ಬಿಚ್ಚಿದ, ಓಡಿ ಪಳಗಿದ ಕಂಡೆನ್ಸರ್ ಹೆಚ್ಚು ನಂಬಿಕೆಗೆ ಅರ್ಹ. ಎರಡು ಇಟ್ಟುಕೊಳ್ಳಿ, ಜೊತೆಗೆ ಒಂದು ಜೊತೆ ಪಾಯಿಂಟ್. ಗ್ಯಾಪ್ 0.4 ಮಿ.ಮೀ. ಸುತ್ತ, ಫೀಲರ್ ಗೇಜ್ ಕಳೆದುಹೋದರೆ ದಪ್ಪ ವಿಸಿಟಿಂಗ್ ಕಾರ್ಡ್ ಬಿಗಿಯಾಗಿ ಜಾರುವಷ್ಟು ಇಟ್ಟು ಊರು ಮುಟ್ಟಬಹುದು. ಹೆರಾಲ್ಡಿನ ಬಾನೆಟ್ ರೆಕ್ಕೆ ಸಮೇತ ಮುಂದಕ್ಕೆ ಮಗುಚುವುದರಿಂದ ಟೈರಿನ ಮೇಲೇ ಕೂತು ಕೆಲಸ ಮಾಡಬಹುದು. ಅಂಬಾಸಿಡರಿನವರು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು.

ಕೋಣಂದೂರಿನ ವೆಲ್ಡಿಂಗ್ ಶಾಪಿನಲ್ಲಿ ಜೀಪಿನ ಸೈಲೆನ್ಸರ್ ಬ್ರಾಕೆಟಿಗೆ ಬೆಸುಗೆ ಆಯಿತು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ತಂತಿ ಬಿಚ್ಚಿಸಿದ್ದು ಅಂಗಡಿಯವರೇ. “ಡೈನಮೊ ಗಾಡಿ ಆದ್ರೂ ಬಿಚ್ಚದು ಒಳ್ಳೇದು. ನಿಮ್ದು ಸುಟ್ರೆ ಇಲ್ಲೆಲ್ಲಿ ಸಿಗುತ್ತೆ?” ಎಂದರು. ದುಡ್ಡಿಗೆ ಕೈ ನೀಡಲಿಲ್ಲ, ಬದಲಿಗೆ ಜೀಪಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಒಂದು ಸುತ್ತು ಹೋಗಿಬಂದರು. ರಿಪ್ಪನ್‌ಪೇಟೆ, ಆನಂದಪುರದ ರಸ್ತೆ ಸಪಾಟು, ವೇಗ 40, ದಂಡ ಬಿದ್ದವರು ಕಡಿಮೆ.

ಸಂಜೆ ಸಾಗರದಲ್ಲಿ ಪ್ರತಿ ಕಾರಿಗೂ ನಿತ್ಯದ ಕೆಲಸ: ಆಯಿಲ್ ನೋಡುವುದು (ದಿನಕ್ಕೆ ಅರ್ಧ ಲೀಟರ್ ಕುಡಿಯುವ ಎಂಜಿನ್ ಇದ್ದರೆ ಗಾಬರಿ ಬೇಡ, 20ಡಬ್ಲ್ಯು-50 ಎರಡು ಲೀಟರ್ ಡಿಕ್ಕಿಯಲ್ಲಿರಲಿ), ಫ್ಯಾನ್ ಬೆಲ್ಟ್ ಅರ್ಧ ಇಂಚಿನಷ್ಟೇ ತಗ್ಗುತ್ತದೆಯೇ ಎಂದು ಒತ್ತಿ ನೋಡುವುದು, ಮುಂದಿನ ಚಕ್ರಗಳ ಕಿಂಗ್‌ಪಿನ್ನುಗಳಿಗೆ ಗ್ರೀಸ್ ಗನ್ ಹಿಡಿದು ಹಳೇ ಗ್ರೀಸ್ ಹೊರಬರುವ ತನಕ ಒತ್ತುವುದು. ಗ್ರೀಸ್ ಕಾಣದ ಅಂಬಾಸಿಡರಿನ ಸ್ಟೇರಿಂಗ್ ಮರುದಿನದ ತಿರುವುಗಳಲ್ಲಿ ತೋಳಿಗೆ ಲೆಕ್ಕ ಕೇಳುತ್ತದೆ.

ಮೂರನೇ ದಿನ: ಜೋಗ, ಗೇರುಸೊಪ್ಪೆ ಘಾಟಿ, ಹೊನ್ನಾವರ, ಕುಂದಾಪುರ

ಜೋಗದಲ್ಲಿ ಫೆಬ್ರವರಿಯ ನೀರು ಎಳೆ ಎಳೆ. 253 ಮೀಟರ್ ಬಂಡೆ ಪೂರ್ತಿ ಕಾಣುವುದು ಇದೇ ಕಾಲದಲ್ಲಿ, ಅದಕ್ಕಾಗಿಯಾದರೂ ನಿಲ್ಲಬಹುದು. ಮಾವಿನಗುಂಡಿ ದಾಟಿದ ಮೇಲೆ ಇಳಿಜಾರು ಶುರು, ಎಡಬಲ ಶರಾವತಿ ಕಣಿವೆಯ ಕಾಡು, ಅದೃಷ್ಟವಿದ್ದರೆ ಸಿಂಗಳೀಕ.

ಹತ್ತುವಾಗ ಕಾರು ಕೆಟ್ಟರೆ ನಿಲ್ಲುತ್ತದೆ. ಇಳಿಯುವಾಗ ಕೆಟ್ಟರೆ ನಿಲ್ಲುವುದಿಲ್ಲ. ಈ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಾದ ಡ್ರಮ್ ಹಿಗ್ಗಿ ಲೈನರಿನಿಂದ (ಒಳಗಿನಿಂದ ಡ್ರಮ್ಮಿಗೆ ಉಜ್ಜಿ ಹಿಡಿಯುವ ಪಟ್ಟಿ) ದೂರ ಸರಿಯುತ್ತದೆ, ಪೆಡಲ್ ಕೆಳಕೆಳಗೆ ಹೋಗುತ್ತದೆ. ಲೈನರ್ ತಾನೂ ಕಾದು ಹಿಡಿತ ಬಿಡುತ್ತದೆ. ಇದರ ಮೇಲೆ ಬ್ರೇಕ್ ಆಯಿಲ್ ಹಳೆಯದಾದರೆ ಕತೆ ಮುಗಿಯಿತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು, ಕರಾವಳಿಯ ಗಾಳಿಯಲ್ಲಿ ಇನ್ನೂ ಬೇಗ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಕುಡಿದದ್ದಕ್ಕೆ 140 ಸಾಕು. ಡಾಟ್ 4ರಲ್ಲಿ ಅದು 230 ಮತ್ತು 155. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ಸ್ಪಂಜು. ಓಟಕ್ಕೆ ವಾರದ ಮೊದಲು ಪೂರ್ತಿ ಹೊರತೆಗೆದು ಹೊಸದು ತುಂಬಿಸುವುದಕ್ಕೆ ಒಂದು ಲೀಟರ್ ಸಾಕು.

ಅರ್ಧ ಘಾಟಿಯಲ್ಲಿ ಒಂದು ಅಂಬಾಸಿಡರಿನ ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬಂತು. ಮೂರನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಸಿದ ಫಲ. ಯಾವ ಗೇರಿನಲ್ಲಿ ಹತ್ತುತ್ತದೋ ಅದೇ ಗೇರಿನಲ್ಲಿ ಇಳಿಸಬೇಕು. ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಟ್ಟು ಡ್ರಮ್ಮಿಗೆ ಗಾಳಿ ಕೊಡಬೇಕು. ಅಗಲ ಜಾಗ ನೋಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಕಾದರು. ಹಾಗೆ ನಿಂತಾಗ ಕಾದ ಡ್ರಮ್ಮಿಗೆ ನೀರು ಎರಚಬಾರದು, ಬಿರುಕು ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೂ ಡ್ರಮ್ ತಣಿಯುವಾಗ ಆಕಾರ ಕೆಟ್ಟು ಆಮೇಲೆ ಪೆಡಲ್ ನಡುಗುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ಅಡ್ಡೆ ಕೊಡುವುದೇ ಸರಿ.

ಘಾಟಿ ಮುಗಿಯಿತು, ಕಷ್ಟವೂ ಮುಗಿಯಿತು ಎಂದುಕೊಂಡವರಿಗೆ ಹೆದ್ದಾರಿ 66 ಕಾದಿತ್ತು. ನಿಜ ಹೇಳಬೇಕೆಂದರೆ ಈ ಓಟದಲ್ಲಿ ರೇಡಿಯೇಟರ್ ಕುದಿದದ್ದೆಲ್ಲ ಸಪಾಟು ರಸ್ತೆಯಲ್ಲೇ. ಘಾಟಿ ಹತ್ತುವಾಗ ಎಂಜಿನ್ ಜೋರಾಗಿ ತಿರುಗುತ್ತದೆ, ಅದರ ಬೆಲ್ಟಿನ ಫ್ಯಾನೂ ನೀರಿನ ಪಂಪೂ ಅಷ್ಟೇ ಜೋರು, ಹೊರಗಿನ ಗಾಳಿ ತಂಪು. ಮಧ್ಯಾಹ್ನ ಒಂದು ಗಂಟೆಗೆ ಭಟ್ಕಳದ ಪೇಟೆಯಲ್ಲಿ ಬಸ್ಸಿನ ಹಿಂದೆ ನಿಂತರೆ ಹೊರಗೆ 34 ಡಿಗ್ರಿ, ಡಾಂಬರಿನ ಝಳ, ಬಸ್ಸಿನ ಹೊಗೆಬಿಸಿ, ಫ್ಯಾನ್ ಮಾತ್ರ ನಿದ್ದೆಗಣ್ಣಿನಲ್ಲಿ ತಿರುಗುತ್ತಿರುತ್ತದೆ. ಒಂದು ಪದ್ಮಿನಿ ಅಲ್ಲೇ ಹಬೆ ಬಿಟ್ಟಿತು. ಬಟ್ಟೆ ಹಿಡಿದು ಮುಚ್ಚಳ ತೆಗೆಯಲು ಹೋದವರನ್ನು ಪಕ್ಕದ ಗೂಡಂಗಡಿಯವರು ಕೂಗಿ ತಡೆದರು. ಒತ್ತಡದ ಮುಚ್ಚಳದ ಕೆಳಗೆ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ತೆಗೆದ ಕ್ಷಣ ಮುಖಕ್ಕೆ ಉಕ್ಕುತ್ತದೆ. ಕೈ ಇಡಲು ಆಗುವಷ್ಟು ತಣಿಯಲಿಕ್ಕೆ ಅರ್ಧ ಗಂಟೆ ಕಾಯದೆ ಬೇರೆ ದಾರಿ ಇಲ್ಲ.

ಟ್ರಾಫಿಕ್ಕಿನಲ್ಲಿ ಬಿಸಿ ತೋರಿಸುವ ಮುಳ್ಳು ಏರತೊಡಗಿದರೆ ನ್ಯೂಟ್ರಲ್ ಮಾಡಿ ಎಂಜಿನನ್ನು ನಿಮಿಷಕ್ಕೆ 1,500 ಸುತ್ತಿನಲ್ಲಿ ಹಿಡಿಯಬೇಕು, ಫ್ಯಾನಿಗೆ ಜೀವ ಬರುತ್ತದೆ. ಗಾಬರಿಯಾಗಿ ತಟ್ಟನೆ ಎಂಜಿನ್ ಬಂದ್ ಮಾಡಿದರೆ ನೀರು ಓಡುವುದು ನಿಂತು ಬಿಸಿ ಇನ್ನೂ ಏರುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಸೇರಿಸಿದವರೂ ಇದ್ದರು, ಅದಕ್ಕೂ ಲೆಕ್ಕ ಉಂಟು. ಲೂಕಾಸ್ ಸಿ40 ಡೈನಮೊ ಕೊಡುವುದು ಹೆಚ್ಚೆಂದರೆ 22 ಆಂಪಿಯರ್. 45 ವಾಟಿನ ಎರಡು ಹೆಡ್‌ಲೈಟಿಗೆ ಏಳೂವರೆ, ಇಗ್ನಿಷನ್ ಮತ್ತು ಹಿಂದಿನ ದೀಪಗಳಿಗೆ ಐದಾರು, ಫ್ಯಾನಿಗೆ ಎಂಟರಿಂದ ಹತ್ತು, ಅಲ್ಲಿಗೆ ಮುಗಿಯಿತು. ಐಡಲಿನಲ್ಲಿ ಡೈನಮೊ ಏನನ್ನೂ ಕೊಡುವುದಿಲ್ಲ. ರಾತ್ರಿ ಟ್ರಾಫಿಕ್ಕಿನಲ್ಲಿ ಎರಡೂ ಹಾಕಿಟ್ಟರೆ ಬ್ಯಾಟರಿ ಕರಗುತ್ತದೆ. ಬೀಟಲ್‌ನವರು ಮಾತ್ರ ಕಡಲೆ ತಿನ್ನುತ್ತ ಕೂತಿದ್ದರು, ಅದಕ್ಕೆ ನೀರೇ ಬೇಡ.

ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಫೋಟೋಗೆ ಕಾರನ್ನು ಮರಳಿಗೆ ಇಳಿಸುವ ಆಸೆ ಎಲ್ಲರಿಗೂ. ಇಳಿಸಿದ ಜೀಪು ಹೇಗೋ ಬಂತು, ಪದ್ಮಿನಿಯನ್ನು ಆರು ಜನ ತಳ್ಳಬೇಕಾಯಿತು. ಕುಂದಾಪುರದಲ್ಲಿ ರಾತ್ರಿ ಕೆಲವರಿಗೆ ಕೋಳಿ ತುಪ್ಪದ ರೋಸ್ಟ್ ಮತ್ತು ನೀರ್ದೋಸೆ, ಕೆಲವರಿಗೆ ಕಾಣೆ ಮೀನು. ಊಟಕ್ಕೆ ಮೊದಲು ಕಾರಿನ ತಳಕ್ಕೆ ಸಿಹಿನೀರು ಹೊಡೆಸಿದವರು ಬುದ್ಧಿವಂತರು. ಲಾಡ್ಜ್ ಎದುರು ಕೂತಿದ್ದ ಅಜ್ಜ ಹೆರಾಲ್ಡನ್ನು ಒಂದು ಸುತ್ತು ನೋಡಿ ಕೇಳಿದರು, “ಹ್ವಾಯ್, ಇದ್ ಬಾಳೆಬರೆ ಹತ್ತತ್ತಾ ಮಾರಾಯ್ರೆ?”

ನಾಲ್ಕನೇ ದಿನ: ಬಾಳೆಬರೆ, ತೀರ್ಥಹಳ್ಳಿ, ಆಗುಂಬೆ, ಉಡುಪಿ

ಹತ್ತಿತು. ಸಿದ್ದಾಪುರ, ಹೊಸಂಗಡಿ ದಾಟಿ ತಂಪು ಹೊತ್ತಿನಲ್ಲೇ ಘಾಟಿ ಹಿಡಿದದ್ದು ಒಳ್ಳೆಯದಾಯಿತು. ಒಂದು ತಿರುವಿನಲ್ಲಿ ಲಾರಿ ಸಿಕ್ಕಿಕೊಂಡು ಸಾಲು ನಿಂತಿತು. ಏರಿನಲ್ಲಿ ಅಂಬಾಸಿಡರ್ ನಿಲ್ಲಿಸುವಾಗ ಕಾಲಿನ ಬ್ರೇಕ್ ಒಂದನ್ನೇ ನಂಬಬಾರದು. ಮುಂದಿನ ಚಕ್ರದ ಎರಡೂ ಬ್ರೇಕ್ ಶೂಗಳು (ಲೈನರ್ ಕೂತ ತುಂಡುಗಳು) ಕಾರು ಮುಂದಕ್ಕೆ ಹೋಗುವಾಗ ಮಾತ್ರ ತಾವೇ ಕಚ್ಚಿ ಹಿಡಿಯುವ ಜೋಡಣೆ ಅದು, ಹಿಂದಕ್ಕೆ ಜಾರುವಾಗ ಹಿಡಿತ ತೀರಾ ಕಡಿಮೆ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಇರಬೇಕು, ಚಕ್ರಕ್ಕೆ ಅಡ್ಡೆ ಸಿದ್ಧ ಇರಬೇಕು. ಕೆಲವರು ಕಲ್ಲು ಕೊಟ್ಟು, ಹೊರಡುವಾಗ ಅಲ್ಲೇ ಬಿಟ್ಟು ಹೋಗುತ್ತಾರೆ. ಹಿಂದೆ ಬರುವ ಬೈಕಿನವರ ಗತಿ ಏನು ಎಂದು ಯೋಚಿಸುವುದಿಲ್ಲ. ಮರದ ತುಂಡಿಗೆ ಹಗ್ಗ ಕಟ್ಟಿ ಹಿಂದಿನ ಬಂಪರಿಗೆ ಸಿಕ್ಕಿಸಿದರೆ ಮರೆತರೂ ಜೊತೆಗೇ ಬರುತ್ತದೆ.

ಮಾಸ್ತಿಕಟ್ಟೆ, ಯಡೂರು, ತೀರ್ಥಹಳ್ಳಿ, ಆಗುಂಬೆ. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಜೀಪಿನಿಂದ ಮಂಗವೊಂದು ದಾರಿಪುಸ್ತಕ ಎತ್ತಿಕೊಂಡು ಮರ ಏರಿತು. ಬಾಳೆಹಣ್ಣು ತೋರಿಸಿದ ಮೇಲೆ ಪುಸ್ತಕ ಕೆಳಗೆ ಬಿತ್ತು, ಕೊನೆಯ ಹಾಳೆ ಇರಲಿಲ್ಲ.

ಇಲ್ಲಿಂದ 14 ಹೇರ್‌ಪಿನ್ ತಿರುವು. ಪದ್ಮಿನಿ, ಅಂಬಾಸಿಡರ್ ಎರಡಕ್ಕೂ ಒಂದನೇ ಗೇರಿಗೆ ಸಿಂಕ್ರೊ (ಗೇರಿನ ಹಲ್ಲುಗಳನ್ನು ಸಮವೇಗಕ್ಕೆ ತಂದು ಕೂಡಿಸುವ ಭಾಗ) ಇಲ್ಲ. ತಿರುವಿನ ನಡುವೆ ಒಂದಕ್ಕೆ ಹಾಕಲು ಹೋದರೆ ಕರ್ರ್ ಎಂದು ಹಲ್ಲು ಉಜ್ಜುತ್ತದೆ, ಅಷ್ಟರಲ್ಲಿ ಕಾರು ನ್ಯೂಟ್ರಲಿನಲ್ಲಿ ಇಳಿಯುತ್ತಿರುತ್ತದೆ. ತಿರುವಿಗೆ ಮೊದಲೇ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಒಂದನೇ ಗೇರ್. ಪವರ್ ಸ್ಟೇರಿಂಗ್ ಇಲ್ಲದ್ದರಿಂದ ಚಕ್ರ ಉರುಳುತ್ತಿರುವಾಗಲೇ ತಿರುಗಿಸಬೇಕು. ಏಳನೇ ತಿರುವಿನಲ್ಲಿ ಎದುರು ಬಂದ ಮಿನಿ ಬಸ್ಸಿಗೆ ಎಲ್ಲರೂ ದಾರಿ ಬಿಟ್ಟರು. ಏರುವವರಿಗೇ ಮೊದಲ ಹಕ್ಕು. ಚಾಲಕರು ಕಿಟಕಿಯಿಂದ ತಲೆ ಹಾಕಿ, “ಕೆಳಗೆ ಹಸಿರು ಕಾರಿನ ಬ್ರೇಕ್ ವಾಸ್ನೆ ಬರ್ತಾ ಉಂಟು, ನೋಡಿ,” ಎಂದು ಹೇಳಿ ಹೋದರು.

ಸೋಮೇಶ್ವರ, ಹೆಬ್ರಿ, ಮಣಿಪಾಲ ಇಳಿದು ಉಡುಪಿ ಮುಟ್ಟಿದಾಗ ಸಂಜೆ ಐದೂವರೆ. ಗಡ್‌ಬಡ್ ಐಸ್‌ಕ್ರೀಮ್ ಮುಗಿಯುವಷ್ಟರಲ್ಲಿ ದಂಡದ ಪಟ್ಟಿ ಬಂತು. ಘಾಟಿಗಳಲ್ಲಿ ಹೋದ ಅಂಕಗಳೆಲ್ಲ ಸೇರಿದರೂ ಭಟ್ಕಳ–ಬೈಂದೂರು ನಡುವೆ ಹೋದಷ್ಟು ಆಗಿರಲಿಲ್ಲ. ಬೀಟಲ್ ಮೊದಲು, ಹೆರಾಲ್ಡ್ ಕಂಡೆನ್ಸರಿನ ದೆಸೆಯಿಂದ ಕೊನೆಗೆ.

ಮರುದಿನ ಗ್ಯಾರೇಜಿನಲ್ಲಿ ಡ್ರಮ್ಮುಗಳನ್ನು ಬಿಚ್ಚಿದಾಗ ಗೇರುಸೊಪ್ಪೆಯಲ್ಲಿ ವಾಸನೆ ಬಂದ ಅಂಬಾಸಿಡರಿನ ಲೈನರ್ ಗಾಜಿನಂತೆ ಹೊಳೆಯುತ್ತಿತ್ತು. ಅದನ್ನು ಮರಳುಕಾಗದದಲ್ಲಿ ತಿಕ್ಕಿ ಮತ್ತೆ ಹಾಕಬಹುದು, ಆದರೆ ಲೈನರ್ ಸವೆದು ರಿವೆಟ್ ತಲೆಗೆ ಒಂದೇ ಮಿ.ಮೀ. ಉಳಿದಿದ್ದರಿಂದ ಬದಲಾಯಿಸಿದರು. ಪದ್ಮಿನಿಯ ಪೆಟ್ರೋಲ್ ಫಿಲ್ಟರಿನಲ್ಲಿ ಕಂದು ಅಂಟು: ಎಥನಾಲ್ ಟ್ಯಾಂಕಿನ ಹಳೇ ಕೊಳೆಯನ್ನು ತೊಳೆದು ತಂದದ್ದು. ಮಾಲೀಕರು ಹೊಸ ಫಿಲ್ಟರ್ ನಾಲ್ಕು ಕಟ್ಟಿಸಿಕೊಂಡು, ಪಂಪಿನ ಬೇಕೆಲೈಟ್ ತುಂಡಿಗೆ ಲೇತ್‌ನವರಲ್ಲಿ ಅಳತೆ ಕೊಟ್ಟು ಹೋದರು.